ಮಕ್ಕಳ ನೆನಪು ಮತ್ತು ಸಕ್ಕರೆ: ಪೋಷಕರಲ್ಲಿ ಒಂದು ಅರಿಕೆ



ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಗೆ ಸಹಿ ಹಾಕಲು ಬಂದಿದ್ದ ತಂದೆಯೊಬ್ಬರು, ಸಹಿ ಹಾಕಿ ಪೆನ್ನು ಹಿಂದಕ್ಕೆ ಕೊಡುತ್ತ, ತಲೆ ತಗ್ಗಿಸಿಕೊಂಡೇ ಒಂದು ಮಾತು ಹೇಳಿದರು. "ಮೇಷ್ಟ್ರೇ, ನಮ್ಮ ಹೈದ ರಾತ್ರಿ ಓದಿದ್ದ ಬೆಳಿಗ್ಗೆಗೆ ಮರ್ತುಬುಡ್ತಾನೆ. ಕನ್ನಡ, ತಮಿಳು, ಇಂಗ್ಲಿಷು, ಮೂರು ಅಕ್ಷರವೂ ಅವನ ತಲೇಲಿ ನಿಲ್ಲಲ್ಲ. ಕನ್ನಡ ಬುಡಿಸಿದ್ರೆ ಭಾರ ಕಮ್ಮಿ ಆಗಬಹುದು. ಟಿ.ಸಿ. ಕೊಟ್ಬುಡಿ."

ಅವರ ಮಗ ಏಳನೆಯ ತರಗತಿಯವನು. ಮಾತಿನಲ್ಲಿ ಚುರುಕು, ಆಟದಲ್ಲಿ ಮುಂದು. ಆದರೆ ಪ್ರಾರ್ಥನೆ ಮುಗಿದು ಎರಡು ಪೀರಿಯಡ್ ಕಳೆಯುವಷ್ಟರಲ್ಲಿ ಅವನ ಕಣ್ಣು ಎಳೆಯುತ್ತಿತ್ತು. ಮೂರನೆಯ ಪೀರಿಯಡ್ಡಿನ ಲೆಕ್ಕ ಬೋರ್ಡಿನ ಮೇಲೆಯೇ ಉಳಿಯುತ್ತಿತ್ತು, ಅವನ ಪುಸ್ತಕಕ್ಕೆ ಇಳಿಯುತ್ತಿರಲಿಲ್ಲ. ಒಂದು ದಿನ ನಾನು ತಾಳ್ಮೆಗೆಟ್ಟು, ಇಡೀ ತರಗತಿಯ ಎದುರಿಗೆ, "ತಲೆಯಲ್ಲಿ ಮಣ್ಣು ತುಂಬಿಕೊಂಡಿದ್ದೀಯಾ?" ಎಂದು ಗದರಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ತಂದೆ ಬಂದು ಟಿ.ಸಿ. ಕೇಳಿದಾಗ ಆ ಮಾತು ನನ್ನನ್ನೇ ಚುಚ್ಚಿತು.

"ಎರಡು ವಾರ ತಾಳಿ" ಎಂದು ಅವರನ್ನು ಕಳಿಸಿ, ಮರುದಿನ ಹುಡುಗನನ್ನು ಪಕ್ಕಕ್ಕೆ ಕರೆದು ಬೆಳಿಗ್ಗೆ ಏನು ತಿಂದು ಬಂದೆ ಎಂದು ಕೇಳಿದೆ. ಅಪ್ಪ ಅವ್ವ ಇಬ್ಬರೂ ಆರು ಗಂಟೆಗೇ ಕೋಸಿನ ಹೊಲಕ್ಕೆ ಹೋಗುತ್ತಾರೆ. ಇವನು ಒಂದು ದೊಡ್ಡ ಲೋಟ ಟೀ ಕುಡಿದು, ಅದರಲ್ಲಿ ಬನ್ನು ಅದ್ದಿ ತಿಂದು ಬರುತ್ತಾನೆ. ಟೀಗೆ ಸಕ್ಕರೆ ಎಷ್ಟು ಎಂದರೆ, "ಮೂರು ಚಮಚ ಸಾ, ಕೆಲವು ಸಲ ನಾಕು" ಎಂದ. ಪರೀಕ್ಷೆಯ ದಿನಗಳಲ್ಲಿ ನೆರೆಮನೆಯ ದೊಡ್ಡವ್ವ ನೆನಪಿನ ಶಕ್ತಿಗೆಂದು ಗ್ಲೂಕೋಸ್ ಪುಡಿ ಕಲಸಿದ ನೀರನ್ನೂ ಕೊಡುತ್ತಾರಂತೆ.

ಬಿ.ಎಡ್. ಓದುವಾಗ ನೆನಪು ಮತ್ತು ಮರೆವಿನ ಬಗ್ಗೆ ನಮಗೆ ಒಂದು ಅಧ್ಯಾಯವೇ ಇತ್ತು. ಎಬ್ಬಿಂಗ್‌ಹಾಸ್ ಎಂಬ ಜರ್ಮನ್ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ್ದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೇನೆ. ಆದರೆ ಮಗು ಬೆಳಿಗ್ಗೆ ಏನು ತಿಂದು ಬಂದಿದೆ ಎಂದು ಮೊದಲು ಕೇಳಬೇಕೆಂಬುದು ನನಗೆ ಹೊಳೆದದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೆ.

ಆ ಹುಡುಗನ ಮರೆವಿಗೆ ಸಕ್ಕರೆಯೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಮಗುವಿನ ತಲೆಗೆ ಹತ್ತುತ್ತಿಲ್ಲ ಎಂದಾಗ ನಾವು ಮೊದಲು ಭಾಷೆಯನ್ನು ದೂರುತ್ತೇವೆ, ಆಮೇಲೆ ಮಗುವಿನ ಬುದ್ಧಿಯನ್ನು ದೂರುತ್ತೇವೆ. ಬೆಳಗಿನ ಲೋಟ ಮತ್ತು ತಟ್ಟೆಯ ಕಡೆಗೆ ನೋಡುವುದೇ ಇಲ್ಲ. ಈ ಕ್ರಮವನ್ನು ತಿರುಗಿಸಬೇಕು ಎಂಬುದೇ ಈ ಬರಹದ ಉದ್ದೇಶ.

ಮಿದುಳಿಗೆ ಬೇಕಾದ ಸಕ್ಕರೆ

ಮಿದುಳಿಗೆ ಸಕ್ಕರೆ ಬೇಕು ಎಂಬ ದೊಡ್ಡವ್ವನ ಮಾತು ಪೂರ್ತಿ ಸುಳ್ಳಲ್ಲ. ವಯಸ್ಕರ ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ. ಆದರೆ ಸುಮ್ಮನೆ ಕುಳಿತಿರುವಾಗಲೂ ದೇಹ ಬಳಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಹೋಗುತ್ತದೆ. ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸನ್ನು ಅದು ಉರಿಸುತ್ತದೆ. ಮಕ್ಕಳಲ್ಲಿ ಈ ಪಾಲು ಇನ್ನೂ ದೊಡ್ಡದು. ಐದು ವರ್ಷದ ಆಸುಪಾಸಿನ ಮಗುವಿನ ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಪಾಲನ್ನು ಮಿದುಳೇ ತೆಗೆದುಕೊಳ್ಳುತ್ತದೆ ಎಂದು ಅಮೆರಿಕದ ವಿಜ್ಞಾನಿಗಳು 2014ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ.

ಆದರೆ ಈ ಗ್ಲೂಕೋಸ್ ಸಕ್ಕರೆ ಡಬ್ಬಿಯಿಂದಲೇ ಬರಬೇಕಾಗಿಲ್ಲ. ರಾಗಿ, ಅಕ್ಕಿ, ಬೇಳೆ, ಕಾಳು, ಬಾಳೆಹಣ್ಣು ಎಲ್ಲವೂ ಹೊಟ್ಟೆಯಲ್ಲಿ ಅರಗಿ ಕಡೆಗೆ ಗ್ಲೂಕೋಸ್ ಕೊಡುತ್ತವೆ. ವ್ಯತ್ಯಾಸ ಇರುವುದು ವೇಗದಲ್ಲಿ. ಯಾವುದೇ ಕ್ಷಣದಲ್ಲಿ ದೊಡ್ಡವರ ರಕ್ತದಲ್ಲೆಲ್ಲ ಸೇರಿ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಚಮಚದಷ್ಟು. ಆರೋಗ್ಯವಂತರ ದೇಹ ಈ ಮಟ್ಟವನ್ನು ಬಹಳ ಜೋಪಾನವಾಗಿ ಕಾಯುತ್ತದೆ. ಹೆಚ್ಚಾದರೆ ಇನ್ಸುಲಿನ್ ಬಂದು ಅದನ್ನು ಜೀವಕೋಶಗಳಿಗೆ ಸಾಗಿಸುತ್ತದೆ. ಕಡಿಮೆಯಾದರೆ ಯಕೃತ್ತು ತನ್ನ ದಾಸ್ತಾನಿನಿಂದ ಬಿಡುತ್ತದೆ.

ನಮ್ಮ ಕೆರೆಯನ್ನೇ ನೆನೆಯಿರಿ. ತೂಬಿನಿಂದ ಹದವಾಗಿ ಬಿಟ್ಟ ನೀರು ಕೊನೆಯ ಗದ್ದೆಯವರೆಗೂ ಮುಟ್ಟುತ್ತದೆ. ಒಮ್ಮೆಲೇ ಸುರಿದ ಮಳೆ ಕೋಡಿ ಹರಿದು ಹಳ್ಳ ಸೇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಗದ್ದೆ ಮತ್ತೆ ಬಾಯಿ ಬಿಡುತ್ತದೆ. ಬರೀ ಸಕ್ಕರೆ ನೀರು ಒಮ್ಮೆಲೇ ಸುರಿದ ಮಳೆಯಂತೆ. ಕಾಳಿನ ಸಾರಿನೊಡನೆ ತಿಂದ ಊಟ ತೂಬಿನ ನೀರಿನಂತೆ.

ಪರೀಕ್ಷೆಯ ದಿನದ ಗ್ಲೂಕೋಸ್

ಹಾಗಾದರೆ ಗ್ಲೂಕೋಸ್ ಕುಡಿದರೆ ನೆನಪು ಹೆಚ್ಚುವುದಿಲ್ಲವೇ? ಇದನ್ನು 1980ರ ದಶಕದಿಂದಲೂ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಪಾಲ್ ಗೋಲ್ಡ್ ಮತ್ತು ಅವರ ನಂತರದ ಹಲವರು, ರಾತ್ರಿಯಿಂದ ಉಪವಾಸವಿದ್ದ ಆರೋಗ್ಯವಂತರಿಗೆ 25 ಅಥವಾ 50 ಗ್ರಾಂ ಗ್ಲೂಕೋಸ್ ಕಲಸಿದ ನೀರು ಕೊಟ್ಟು, ಇನ್ನೊಂದು ದಿನ ಬರೀ ಸಿಹಿ ರುಚಿಯ, ಸಕ್ಕರೆಯಿಲ್ಲದ ನೀರು ಕೊಟ್ಟು, ಪದಗಳ ಪಟ್ಟಿಯನ್ನೋ ಒಂದು ಸಣ್ಣ ಕಥೆಯನ್ನೋ ನೆನಪಿನಿಂದ ಹೇಳಿಸಿದರು. ಗ್ಲೂಕೋಸ್ ಕುಡಿದ ದಿನ ಅನೇಕರು ಸ್ವಲ್ಪ ಹೆಚ್ಚು ನೆನಪಿಟ್ಟುಕೊಂಡರು. ವಯಸ್ಸಾದವರಲ್ಲಿ ಈ ಫಲ ಸ್ಪಷ್ಟವಾಗಿತ್ತು. ಎಳೆಯ ವಯಸ್ಸಿನವರಲ್ಲಿ ಒಮ್ಮೆ ಕಂಡಿತು, ಒಮ್ಮೆ ಕಾಣಲಿಲ್ಲ. ಪ್ರಮಾಣ ಬಹಳ ಹೆಚ್ಚಿಸಿದಾಗ ಲಾಭವೂ ಮಾಯವಾಯಿತು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಆದರೆ ನಮ್ಮ ಶಾಲೆ ನಡೆಯುವುದು ಅರ್ಧ ಗಂಟೆಯಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದ ಗಂಟೆ ಹೊಡೆಯುವವರೆಗೆ ಮಗುವಿನ ಗಮನ ನಿಲ್ಲಬೇಕು. 2003ರಲ್ಲಿ ಬ್ರಿಟನ್ನಿನಲ್ಲಿ 29 ಶಾಲಾ ಮಕ್ಕಳ ಮೇಲೆ ನಡೆದ ಪ್ರಯೋಗ ಇದನ್ನೇ ಅಳೆಯಿತು. ಅದೇ ಮಕ್ಕಳಿಗೆ ಎರಡು ದಿನ ಧಾನ್ಯದ ತಿಂಡಿ, ಒಂದು ದಿನ ಬರೀ ಗ್ಲೂಕೋಸ್ ಪಾನೀಯ, ಒಂದು ದಿನ ಏನೂ ಇಲ್ಲ. ಹೊತ್ತು ಏರಿದಂತೆ ಗಮನವೂ ನೆನಪೂ ಇಳಿಯುತ್ತ ಹೋದವು. ಧಾನ್ಯದ ತಿಂಡಿ ತಿಂದ ದಿನಗಳಲ್ಲಿ ಈ ಇಳಿಕೆ ಅರ್ಧಕ್ಕಿಂತ ಕಡಿಮೆಯಾಯಿತು. ಗ್ಲೂಕೋಸ್ ಕುಡಿದ ದಿನ ಆ ರಕ್ಷಣೆ ಸಿಗಲಿಲ್ಲ.

ಸಕ್ಕರೆ ತಿಂದರೆ ಚೈತನ್ಯ ಬರುತ್ತದೆ ಎಂಬ ನಂಬಿಕೆಯ ಗತಿಯೂ ಅಷ್ಟೇ. ಆರೋಗ್ಯವಂತ ವಯಸ್ಕರ ಮೇಲೆ ನಡೆದ 31 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ 2019ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಸಕ್ಕರೆಯಿಂದ ಉತ್ಸಾಹ ಹೆಚ್ಚಿದ್ದು ಕಾಣಲಿಲ್ಲ. ಬದಲಿಗೆ ಅರ್ಧ ಗಂಟೆಯೊಳಗೆ ಆಯಾಸ ಹೆಚ್ಚಿತ್ತು, ಒಂದು ಗಂಟೆಯೊಳಗೆ ಚುರುಕು ಕಡಿಮೆಯಾಗಿತ್ತು. ಇದನ್ನು ಓದಿದಾಗ ನನಗೆ ಮೂರನೆಯ ಪೀರಿಯಡ್ಡಿನ ಆ ಹುಡುಗನ ಮುಖ ಕಣ್ಣ ಮುಂದೆ ಬಂದಿತು.

ಇನ್ನೊಂದು ಕಡೆಯ ತಪ್ಪನ್ನೂ ಹೇಳಿಬಿಡಬೇಕು. ಸಿಹಿ ತಿಂದರೆ ಮಕ್ಕಳು ಹುಚ್ಚೆದ್ದು ಕುಣಿಯುತ್ತಾರೆ, ತಲೆ ಕೆಡುತ್ತದೆ ಎಂದು ಹೆದರುವ ಪೋಷಕರೂ ಇದ್ದಾರೆ. 1994ರಲ್ಲಿ ಅಮೆರಿಕದಲ್ಲಿ ವೈದ್ಯರು ಮಕ್ಕಳಿಗೆ ಮೂರು ಮೂರು ವಾರ ಬೇರೆ ಬೇರೆ ಆಹಾರ ಕೊಟ್ಟು, ಯಾವುದರಲ್ಲಿ ಸಕ್ಕರೆ ಹೆಚ್ಚಿದೆ ಎಂದು ಮನೆಯವರಿಗೂ ತಿಳಿಸದೆ ಗಮನಿಸಿದರು. ನಡತೆಯಲ್ಲಿಯೂ ಕಲಿಕೆಯಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಹಬ್ಬದಲ್ಲಿ ಹೋಳಿಗೆ ತಿಂದ ಮಗುವನ್ನು ಗದರಿಸಬೇಕಾಗಿಲ್ಲ. ನನ್ನ ಆತಂಕ ಹೋಳಿಗೆಯ ಬಗ್ಗೆ ಅಲ್ಲ; ದಿನವೂ ಊಟದ ಜಾಗದಲ್ಲಿ ಬಂದು ಕೂರುವ ಸಕ್ಕರೆಯ ಬಗ್ಗೆ.

ಒಂದು ದಿನದ ಲೆಕ್ಕ

ಕಬ್ಬು ಬೆಳೆಯುವ ನಾವೇ ಸಕ್ಕರೆ ಬೇಡ ಎನ್ನಬಹುದೇ ಎಂದು ಕೆಲವರು ಕೇಳಬಹುದು. ನಮ್ಮ ತಾಳವಾಡಿ ಬೆಟ್ಟದ ಕಬ್ಬು ಲಾರಿ ಏರಿ, ಆಸನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲದ ಕಡೆಯ ಕಾರ್ಖಾನೆಗೆ ಹೋಗುತ್ತದೆ. ಕಾರಪಳ್ಳಂ ಚೆಕ್‌ಪೋಸ್ಟಿನ ಬಳಿ ಆ ಲಾರಿಗಳಿಗೆ ಕಾದು ನಿಂತು ಜಲ್ಲೆ ಎಳೆದುಕೊಳ್ಳುವ ಆನೆಗಳನ್ನು ನಾವೆಲ್ಲ ನೋಡಿದ್ದೇವೆ. ಸಿಹಿ ಸಿಕ್ಕಿದ ಜಾಗವನ್ನು ಆನೆಯೇ ಮರೆಯುವುದಿಲ್ಲ ಎಂದ ಮೇಲೆ ಮಕ್ಕಳು ಅಂಗಡಿಯ ದಾರಿಯನ್ನು ಮರೆತಾರೆಯೇ? ಸಿಹಿಯ ಮೇಲಿನ ಆಸೆ ಹುಟ್ಟಿನಿಂದಲೇ ಬಂದದ್ದು, ತಾಯಿಯ ಹಾಲೇ ಸಿಹಿ. ಅದು ಮಕ್ಕಳ ತಪ್ಪಲ್ಲ.

ಆದರೆ ಜಲ್ಲೆಯನ್ನು ಹಲ್ಲಿನಿಂದ ಸಿಗಿದು ಅಗಿಯುವುದೇ ಬೇರೆ, ಸಕ್ಕರೆ ಕರಗಿಸಿ ಕುಡಿಯುವುದೇ ಬೇರೆ. ಒಂದು ಕೆ.ಜಿ. ಸಕ್ಕರೆಗೆ ಸುಮಾರು 10 ಕೆ.ಜಿ. ಕಬ್ಬು ಬೇಕು. ಒಂದು ಲೋಟ ಟೀಗೆ ಹಾಕುವ ಮೂರು ಚಮಚ ಸಕ್ಕರೆ 100 ಗ್ರಾಂಗೂ ಹೆಚ್ಚು ಕಬ್ಬಿನಿಂದ ಬಂದದ್ದು. ಅಷ್ಟನ್ನು ಅಗಿಯಲು ಮಗುವಿಗೆ ಹೊತ್ತು ಹಿಡಿಯುತ್ತದೆ, ದವಡೆ ನೋಯುತ್ತದೆ, ಸಾಕು ಅನ್ನಿಸುತ್ತದೆ. ಟೀಯಲ್ಲಿ ಅದು ಎರಡು ನಿಮಿಷದಲ್ಲಿ ಇಳಿದುಹೋಗುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಚಮಚಕ್ಕೆ 4 ಗ್ರಾಂ ಎಂದು ಹಿಡಿಯಿರಿ. ಬೆಳಗಿನ ಟೀಗೆ 3 ಚಮಚ, 12 ಗ್ರಾಂ. ಸಂಜೆಯ ಟೀಗೆ ಮತ್ತೆ 12 ಗ್ರಾಂ. ಒಂದು ಸಣ್ಣ ಪೊಟ್ಟಣ ಸಿಹಿ ಬಿಸ್ಕತ್ತಿನಲ್ಲಿ ಸುಮಾರು 12 ಗ್ರಾಂ. ಸಂತೆಗೆ ಹೋದ ದಿನ ಒಂದು ಸಣ್ಣ ಬಾಟಲಿ ಬಣ್ಣದ ತಂಪು ಪಾನೀಯ, 250 ಮಿಲಿಲೀಟರಿಗೆ ಸುಮಾರು 26 ಗ್ರಾಂ. ಒಟ್ಟು 62 ಗ್ರಾಂ, ಅಂದರೆ 15 ಚಮಚಕ್ಕೂ ಹೆಚ್ಚು. ಹೀಗೆ ಬೆರೆಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯಲ್ಲಿ ನೂರಕ್ಕೆ 10 ಪಾಲು ಮೀರಬಾರದು, 5 ಪಾಲಿನೊಳಗೆ ಇದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ದಿನಕ್ಕೆ 2,000 ಕ್ಯಾಲೊರಿ ಬೇಕಾದ ಮಗುವಿಗೆ 10 ಪಾಲು ಎಂದರೆ 50 ಗ್ರಾಂ; 5 ಪಾಲು ಎಂದರೆ 25 ಗ್ರಾಂ, ಆರು ಚಮಚ. ನಮ್ಮ ಹುಡುಗ ಸಂತೆಯ ದಿನ ಎರಡು ಗೆರೆಯನ್ನೂ ದಾಟುತ್ತಾನೆ.

"ಬೆಲ್ಲ ಹಾಕಿದರೆ ತೊಂದರೆಯಿಲ್ಲವಲ್ಲ" ಎನ್ನುವ ತಾಯಂದಿರಿಗೆ ಒಂದು ಮಾತು. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇರುವುದು ನಿಜ. ಆದರೆ ಅದರ ಬಹುಪಾಲು ಅದೇ ಕಬ್ಬಿನ ಸಕ್ಕರೆ. ಲೆಕ್ಕಕ್ಕೆ ಅದನ್ನೂ ಸೇರಿಸಬೇಕು. ಹಾಲಿಗೆ ಬೆರೆಸುವ, ಬುದ್ಧಿ ಬೆಳೆಸುತ್ತದೆ ಎಂದು ಟಿ.ವಿ.ಯಲ್ಲಿ ತೋರಿಸುವ ಪುಡಿಗಳ ಡಬ್ಬಿಯನ್ನೂ ತಿರುಗಿಸಿ ನೋಡಿ. ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಎಂಬ ವಿಭಾಗದಲ್ಲಿ ಮಾರಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ತಿಳಿಸಬೇಕಾಯಿತು.

ವರ್ಷಗಟ್ಟಲೆ ತಿಂದರೆ

ಒಂದು ದಿನದ ಸಿಹಿಯಿಂದ ನೆನಪು ಹೋಗುವುದಿಲ್ಲ. ವರ್ಷಗಟ್ಟಲೆಯ ಅಭ್ಯಾಸದ ವಿಷಯ ಬೇರೆ. ಮಿದುಳಿನ ಒಳಭಾಗದಲ್ಲಿ, ಕಿವಿಯ ನೇರಕ್ಕೆ, ಹಿಪ್ಪೊಕ್ಯಾಂಪಸ್ ಎಂಬ ಸಣ್ಣ ಭಾಗವಿದೆ. ಇಂದು ಕಲಿತದ್ದನ್ನು ನಾಳೆಗೆ ಉಳಿಸುವ ಕೆಲಸ ಮುಖ್ಯವಾಗಿ ಅದರದು. 2013ರಲ್ಲಿ ಬರ್ಲಿನ್ನಿನ ವೈದ್ಯರು ಸಕ್ಕರೆ ಕಾಯಿಲೆ ಇಲ್ಲದ 141 ಜನರನ್ನು ಪರೀಕ್ಷಿಸಿದರು. ರಕ್ತದ ಸಕ್ಕರೆಯ ಸರಾಸರಿ ಮಟ್ಟ ಹೆಚ್ಚಿದ್ದವರು, ಆ ಮಟ್ಟ ಕಾಯಿಲೆಯ ಗೆರೆಯನ್ನು ಮುಟ್ಟದಿದ್ದರೂ, ಅರ್ಧ ಗಂಟೆಯ ನಂತರ ಕಡಿಮೆ ಪದಗಳನ್ನು ನೆನಪಿಟ್ಟುಕೊಂಡಿದ್ದರು; ಅವರ ಹಿಪ್ಪೊಕ್ಯಾಂಪಸ್ ಕೂಡ ಚಿಕ್ಕದಾಗಿತ್ತು. 2017ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ದೀರ್ಘಕಾಲದ ಅಧ್ಯಯನದಲ್ಲಿ, ಸಿಹಿ ಪಾನೀಯಗಳನ್ನು ಹೆಚ್ಚಾಗಿ ಕುಡಿಯುವವರಲ್ಲಿ ನೆನಪಿನ ಅಂಕಗಳು ಕಡಿಮೆ ಇದ್ದದ್ದು ಕಂಡಿತು.

ಇವೆರಡೂ ದೊಡ್ಡವರ ಮೇಲಿನ ಅಧ್ಯಯನಗಳು. ಎರಡು ಸಂಗತಿಗಳು ಜೊತೆಯಲ್ಲಿ ಕಂಡವು ಎಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯಿತೆಂದು ಹೇಳಲಾಗದು. ಹಾಗಿದ್ದರೂ, ನಾಲಗೆಯ ಅಭ್ಯಾಸ ಬೇರೂರುವುದು ಬಾಲ್ಯದಲ್ಲಿಯೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಹೊರೆ ಹೆಚ್ಚಿರುವ ಮಗು

ಈಗ ಆ ತಂದೆಯ ಮಾತಿಗೆ ಬರೋಣ. ಮೂರು ಅಕ್ಷರದ ಭಾರ ಇದೆ ಎಂದು ಅವರು ಹೇಳಿದ್ದು ನಿಜ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಒಂದನೆಯ ತರಗತಿಯಿಂದ ಆರಂಭವಾಗಿ ವರ್ಷಕ್ಕೊಂದು ತರಗತಿಯಂತೆ ಮೇಲಕ್ಕೆ ಬಂದಿತು. ನಮ್ಮ ಮಗು ಕನ್ನಡದಲ್ಲಿ ಪಾಠ ಕಲಿಯಬೇಕು, ತಮಿಳನ್ನೂ ಇಂಗ್ಲಿಷನ್ನೂ ಓದಿ ಬರೆಯಬೇಕು. ಚಾಮರಾಜನಗರದಲ್ಲಿರುವ ಚಿಕ್ಕಪ್ಪನ ಮಗ ಕಲಿಯದ ತಮಿಳು ಲಿಪಿಯನ್ನು ಇವನು ಕಲಿಯಬೇಕು. ಭಾಷೆಗಳನ್ನು ಕಲಿಯುವುದರಿಂದ ಮಗುವಿಗೆ ಕೆಡುಕಿಲ್ಲ; ನಮ್ಮ ಊರಿನ ಮಕ್ಕಳು ಆಟದಲ್ಲಿಯೇ ಎರಡು ಭಾಷೆ ಆಡುತ್ತಾರೆ. ಆದರೆ ಎತ್ತಿಗೆ ಹೆಚ್ಚು ಉಳುಮೆ ಇದ್ದ ದಿನ ಹೆಚ್ಚು ಹುಲ್ಲು ಹಾಕುತ್ತೇವೆ. ಮಗುವಿನ ವಿಷಯದಲ್ಲಿ ಮಾತ್ರ ಹೊರೆ ಹೆಚ್ಚಾದಾಗ ಮೇವನ್ನು ನೋಡದೆ ನೊಗವನ್ನೇ ಕಳಚಲು ಹೊರಡುತ್ತೇವೆ. ಅದರಲ್ಲಿಯೂ ತಾಯಿನುಡಿಯ ನೊಗವನ್ನೇ, ಅವನಿಗೆ ಹುಟ್ಟಿನಿಂದ ಹೊಂದಿಕೊಂಡ ಒಂದೇ ಒಂದು ನೊಗವನ್ನು.

ಹೊಟ್ಟೆಗೂ ಕಲಿಕೆಗೂ ಇರುವ ಸಂಬಂಧ ಎಲ್ಲ ಮಕ್ಕಳಲ್ಲಿ ಒಂದೇ ಸಮ ಅಲ್ಲ. 1989ರಲ್ಲಿ ಜಮೈಕಾ ದೇಶದಲ್ಲಿ 9-10 ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಬೆಳಗಿನ ಊಟ ತಪ್ಪಿದಾಗ ಚೆನ್ನಾಗಿ ಬೆಳೆದಿದ್ದ ಮಕ್ಕಳು ಹೇಗೋ ನಿಭಾಯಿಸಿದರು. ಮೊದಲೇ ಪೋಷಣೆ ಸಾಲದಿದ್ದ ಮಕ್ಕಳು ಯೋಚನೆಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ಅಂದರೆ ಪಟ್ಟಣದ ಅನುಕೂಲಸ್ಥರ ಮಗು ಬರೀ ಟೀ ಕುಡಿದು ಹೋದರೂ ನಡೆದೀತು. ಕೂಲಿಗೆ ಹೋಗುವ ಮನೆಯ ಮಗುವಿಗೆ ಅದೇ ಟೀ ದುಬಾರಿಯಾಗುತ್ತದೆ. ಟೀಗೆ ಇನ್ನೊಂದು ದೋಷವೂ ಇದೆ. ಊಟದ ಜೊತೆ ಕುಡಿದ ಟೀ, ಆಹಾರದಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರದಂತೆ ತಡೆಯುತ್ತದೆ. ರಕ್ತಹೀನತೆ ಇರುವ ಮಗುವಿನ ಗಮನ ನಿಲ್ಲುವುದು ಕಷ್ಟ.

ಈ ರಾಜ್ಯ ಮಕ್ಕಳ ಹಸಿವನ್ನು ಮೊದಲಿನಿಂದ ಬಲ್ಲದು. 1956ರಲ್ಲಿ ಕಾಮರಾಜರ ಕಾಲದಲ್ಲಿ ಮಧ್ಯಾಹ್ನದ ಊಟ ಬಂದಿತು. 1982ರ ಜುಲೈ 1ರಂದು ಎಂ.ಜಿ.ಆರ್. ಅದನ್ನು ಪೌಷ್ಟಿಕ ಆಹಾರ ಯೋಜನೆಯಾಗಿ ವಿಸ್ತರಿಸಿದರು. 2022ರ ಸೆಪ್ಟೆಂಬರ್ 15ರಂದು ಮದುರೈನಲ್ಲಿ ಆರಂಭವಾದ ಬೆಳಗಿನ ಉಪಾಹಾರ ಯೋಜನೆ 2023ರ ಆಗಸ್ಟ್‌ನಲ್ಲಿ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಬಂದಿತು. ಉಪ್ಪಿಟ್ಟು, ಪೊಂಗಲ್, ಕಿಚಡಿ, ಸಾಂಬಾರು ಮಕ್ಕಳ ಮುಂದೆ ಬರುತ್ತಿವೆ. "ಮನೇಲೇ ಟೀ ಬನ್ನು ಆಯ್ತಲ್ಲ" ಎಂದು ಮಗುವನ್ನು ತಡವಾಗಿ ಕಳಿಸುವ ಮನೆಗಳು ದಯವಿಟ್ಟು ಹಾಗೆ ಮಾಡಬೇಡಿ. ಈ ಯೋಜನೆಯನ್ನು ರೂಪಿಸಿದ್ದು 1ರಿಂದ 5ನೆಯ ತರಗತಿಯವರಿಗೆ. ಅದಕ್ಕಿಂತ ದೊಡ್ಡ ಮಕ್ಕಳ ಬೆಳಗಿನ ಊಟ ಮನೆಯ ಹೊಣೆ ಎಂದೇ ತಿಳಿಯಿರಿ.

ನಾವು ಮಾಡಬಹುದಾದದ್ದು

ಕೈಲಾಗದ್ದನ್ನು ನಾನು ಹೇಳುವುದಿಲ್ಲ. ಪ್ರತಿ ಮನೆಯಲ್ಲಿಯೂ ಬೆಳಿಗ್ಗೆ ಐದಕ್ಕೆ ಎದ್ದು ಇಡ್ಲಿ ಬೇಯಿಸಿ ಎಂದರೆ ಹೊಲಕ್ಕೆ ಹೋಗುವವರು ಯಾರು?

1. ರಾತ್ರಿ ಮಾಡಿದ ಹಿಟ್ಟಿನಲ್ಲಿ ಮಗುವಿಗೆಂದು ಒಂದು ಮುದ್ದೆ ತೆಗೆದಿಡಿ. ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿಯಲಿ, ಅಥವಾ ಬಿಸಿ ಮಾಡಿದ ಹುರುಳಿ ಸಾರು, ಅವರೆಕಾಳಿನ ಸಾರಿನಲ್ಲಿ ತಿನ್ನಲಿ. ರಾಗಿಯೂ ಹಿಟ್ಟಾದ ಮೇಲೆ ಬೇಗ ಅರಗುತ್ತದೆ. ಕಾಳು, ಸೊಪ್ಪು, ಮಜ್ಜಿಗೆ ಜೊತೆಗಿದ್ದರೆ ಅದು ತೂಬಿನ ನೀರಾಗುತ್ತದೆ.

2. ಟೀ ಬಿಡಿಸಲಾಗದಿದ್ದರೆ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬನ್ನಿ. ಒಮ್ಮೆಲೇ ನಿಲ್ಲಿಸಿದರೆ ಮಗು ಹಟ ಮಾಡುತ್ತದೆ. ನಿಧಾನವಾಗಿ ಇಳಿಸಿದರೆ ನಾಲಗೆ ಒಗ್ಗುತ್ತದೆ. ಟೀಯನ್ನು ಊಟದ ಜೊತೆಗೆ ಕೊಡದೆ ಬೇರೆ ಹೊತ್ತಿಗೆ ಕೊಡಿ.

3. ಪರೀಕ್ಷೆಯ ದಿನ ಗ್ಲೂಕೋಸ್ ಪುಡಿಗೆ ಕೊಡುವ ಹಣದಲ್ಲಿ ಒಂದು ಮೊಟ್ಟೆ, ಎರಡು ಬಾಳೆಹಣ್ಣು ಬರುತ್ತದೆ. ಜೊತೆಗೆ ಒಂದು ಬಾಟಲಿ ಕುಡಿಯುವ ನೀರು ಸಾಕು.

4. ರಾತ್ರಿ ಒಂಬತ್ತು ಗಂಟೆಯ ಮೇಲೆ ಮೊಬೈಲ್ ಮಗುವಿನ ಕೈಯಲ್ಲಿರಬಾರದು. ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ನಿದ್ದೆಗೆಟ್ಟ ಮಗು ಎಚ್ಚರವಾಗಿರಲು ಸಿಹಿಯನ್ನೇ ಹುಡುಕುತ್ತದೆ.

5. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಗು ನುಂಗಿತೇ ಎಂದು ಕೇಳಿ. ಪದೇ ಪದೇ ಬಾಯಾರಿಕೆ, ತೂಕ ಇಳಿಯುವುದು, ತಲೆ ಸುತ್ತಿ ಬೀಳುವುದು ಕಂಡರೆ ಮನೆಮದ್ದು ಮಾಡದೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ಬರಹ ಆರೋಗ್ಯವಂತ ಮಕ್ಕಳ ಬಗ್ಗೆ ಮಾತ್ರ.

6. ಹುಟ್ಟುಹಬ್ಬಕ್ಕೆ ಚಾಕೊಲೇಟಿನ ಬದಲು ಸೀಬೆಹಣ್ಣನ್ನೋ ಬೇಯಿಸಿದ ಕಡಲೆಕಾಯನ್ನೋ ತರಗತಿಗೆ ಕಳಿಸಿ. ನಾನೂ ಸರಿಯಾದ ಉತ್ತರಕ್ಕೆ ಪೆಪ್ಪರಮೆಂಟು ಕೊಡುತ್ತಿದ್ದವನು. ಈಗ ಪೆನ್ಸಿಲು ಕೊಡುತ್ತಿದ್ದೇನೆ.

ನಮ್ಮ ಶಾಲೆಗಳಿಗೂ ಒಂದು ಸಲಹೆ ಇದೆ. 2025ರ ಮೇ ತಿಂಗಳಲ್ಲಿ ಸಿ.ಬಿ.ಎಸ್.ಇ. ತನ್ನ ಶಾಲೆಗಳಲ್ಲಿ 'ಶುಗರ್ ಬೋರ್ಡ್' ಇಡಬೇಕೆಂದು ಸುತ್ತೋಲೆ ಕಳಿಸಿತು. ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಇದೆ ಎಂದು ಮಕ್ಕಳಿಗೆ ಕಾಣುವಂತೆ ಬರೆಯುವ ಹಲಗೆ ಅದು. ಅದನ್ನು ನಾವು ಕನ್ನಡದಲ್ಲಿ ಮಾಡಬಾರದೇಕೆ? ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇದ್ದರೆ ಕಾನೂನಿಗೆ ಸಾಕು. ಕನ್ನಡ ಮಾತ್ರ ಓದಬಲ್ಲ ನಮ್ಮ ತಾಯಂದಿರಿಗೆ ಅದು ಕಾಣದ ಅಕ್ಷರ. ಏಳನೆಯ ತರಗತಿಯ ಮಕ್ಕಳು ಖಾಲಿ ಪೊಟ್ಟಣಗಳನ್ನು ತಂದು, 'ಟೋಟಲ್ ಶುಗರ್ಸ್' ಎಂಬ ಸಾಲಿನ ಮುಂದಿನ ಅಂಕಿಯನ್ನು 4ರಿಂದ ಭಾಗಿಸಿ, 100 ಗ್ರಾಂಗೆ ಎಷ್ಟು ಚಮಚ ಎಂದು ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಲಿ. ಅದು ಗಣಿತವೂ ಆಯಿತು, ಅನುವಾದವೂ ಆಯಿತು, ಊರಿಗೆ ಉಪಕಾರವೂ ಆಯಿತು. ಪಣಕಹಳ್ಳಿಯಲ್ಲಿ ನಾವು ಹಿಂದಿನ ಗೋಡೆಯ ಒಂದು ಮೂಲೆಯನ್ನು ಇದಕ್ಕೆಂದು ಬಿಟ್ಟಿದ್ದೇವೆ.

ಕೊನೆಯದಾಗಿ

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅವನ ತಾಯಿ ಈಗ ರಾತ್ರಿಯೇ ಹಿಟ್ಟು ಎತ್ತಿಡುತ್ತಾರೆ. ಮೊಬೈಲ್ ಒಂಬತ್ತಕ್ಕೆ ಅಪ್ಪನ ದಿಂಬಿನ ಕೆಳಗೆ ಹೋಗುತ್ತದೆ. ಟೀ ಇನ್ನೂ ಇದೆ, ಸಕ್ಕರೆ ಒಂದು ಚಮಚಕ್ಕೆ ಬಂದಿದೆ. ಪವಾಡ ನಡೆಯಿತೆಂದು ನಾನು ಬರೆಯಲಾರೆ. ಅವನಿಗೆ ಭಿನ್ನರಾಶಿ ಈಗಲೂ ತಪ್ಪುತ್ತದೆ, ತಮಿಳಿನ ಅಕ್ಷರ ಕೆಲವೊಮ್ಮೆ ಕನ್ನಡದಂತೆ ತಿರುಗುತ್ತದೆ. ಆದರೆ ಮೂರನೆಯ ಪೀರಿಯಡ್ಡಿನಲ್ಲಿ ಅವನ ಕಣ್ಣು ಬೋರ್ಡಿನ ಮೇಲೆ ಇರುತ್ತದೆ. ಕಣ್ಣು ಬೋರ್ಡಿನ ಮೇಲಿದ್ದರೆ ಉಳಿದದ್ದು ನನ್ನ ಕೆಲಸ. ಅದು ಹೊಟ್ಟೆಯಿಂದ ಬಂದಿತೋ, ನಿದ್ದೆಯಿಂದ ಬಂದಿತೋ, ಮೇಷ್ಟ್ರು ಗದರುವುದನ್ನು ಬಿಟ್ಟು ವಿಚಾರಿಸಿದರೆಂಬ ಸಮಾಧಾನದಿಂದ ಬಂದಿತೋ, ಬೇರ್ಪಡಿಸಿ ಹೇಳಲಾರೆ. ಗೋಡೆಗೆ ನಿಲ್ಲಿಸಿದ್ದಕ್ಕೆ ಅದೇ ತರಗತಿಯ ಎದುರಿಗೆ ಅವನಲ್ಲಿ ತಪ್ಪೊಪ್ಪಿಕೊಂಡೆ. ಅವನ ತಂದೆ ಮತ್ತೆ ಟಿ.ಸಿ. ಕೇಳಲು ಬರಲಿಲ್ಲ.

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯಿನುಡಿಯಲ್ಲಿ ಕಲಿಯುವ ಸೌಲಭ್ಯ ಇರಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಆ ಹಕ್ಕನ್ನು ಉಳಿಸಿಕೊಳ್ಳಲು ನಾವು ಮನವಿ ಬರೆಯುತ್ತೇವೆ, ಸಭೆ ಸೇರುತ್ತೇವೆ, ಅದೆಲ್ಲ ಬೇಕು. ಆದರೆ ಒಂದೊಂದು ಟಿ.ಸಿ.ಯೂ ಒಂದೊಂದು ಬೆಂಚನ್ನು ಖಾಲಿ ಮಾಡುತ್ತದೆ ಎಂಬುದನ್ನು ಮರೆಯಬಾರದು. ಬೆಂಚು ಖಾಲಿಯಾದ ಶಾಲೆಗೆ ಯಾವ ವಿಧಿಯೂ ಮಕ್ಕಳನ್ನು ತಂದು ಕೂರಿಸುವುದಿಲ್ಲ.

ಆದ್ದರಿಂದ ನಿಮ್ಮ ಮಗು ಓದಿದ್ದನ್ನು ಮರೆಯುತ್ತಿದೆ ಎಂದು ಅನ್ನಿಸಿದ ದಿನ, ಶಾಲೆಗೆ ಬರುವ ಮೊದಲು ಒಂದು ವಾರ ಅದರ ಬೆಳಗಿನ ಊಟವನ್ನೂ ಸಕ್ಕರೆಯ ಚಮಚಗಳನ್ನೂ ಮಲಗುವ ಹೊತ್ತನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಆ ಹಾಳೆಯೊಂದಿಗೆ ಬನ್ನಿ. ಕೂತು ಮಾತಾಡೋಣ. ಟಿ.ಸಿ. ಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲ.

ಇತಿ ನಿಮ್ಮ ವಿಶ್ವಾಸಿ,
ಕನ್ನಡ ಶಾಲೆಯ ಒಬ್ಬ ಶಿಕ್ಷಕ, ಪಣಕಹಳ್ಳಿ